ಸನ್ಯಾಸಿ ಬೆಕ್ಕು ಸಾಕಿದ ಹಾಗೆ: ಕಾರು ಮಾಡಿಫೈ ಮಾಡಿಸುವ ಗೆಳೆಯರಿಗೊಂದು ಪತ್ರ

ಭಾನುವಾರ ಬೆಳಕು ಹರಿಯುವ ಮೊದಲೇ ನಂದಿಬೆಟ್ಟದ ಕಡೆ ಹೊರಡುವ ಕಾರು ಬಳಗದ ಗೆಳೆಯರೆ,

ಹೋದ ತಿಂಗಳು ಒಂದು ಭಾನುವಾರ, ದೇವನಹಳ್ಳಿ ದಾಟಿದ ಮೇಲೆ ಸಿಗುವ ಕಾಫಿ ಅಂಗಡಿಯೊಂದರ ಮುಂದೆ ನಿಮ್ಮ ಕಾರುಗಳು ಸಾಲಾಗಿ ನಿಂತಿದ್ದವು. ಒಟ್ಟು ಹನ್ನೊಂದು. ಅದರಲ್ಲಿ ಏಳರ ಬಾನೆಟ್ ತೆರೆದಿತ್ತು. ನಾನು ನಿಮ್ಮ ಗುಂಪಿನವನಲ್ಲ. ಚಿಕ್ಕಬಳ್ಳಾಪುರಕ್ಕೆ ಹೊರಟವನು ಕಾಫಿಗೆಂದು ನಿಲ್ಲಿಸಿದ್ದೆ. ಆದರೆ ತೆರೆದ ಬಾನೆಟ್ ಕಂಡರೆ ಇಣುಕದೆ ಹೋಗುವ ಜಾಯಮಾನವೂ ನನ್ನದಲ್ಲ. ಹಾಗೆ ಇಣುಕುತ್ತಿದ್ದಾಗ ಬಿಳಿ ಪೋಲೊ ಜಿಟಿ ಟಿಎಸ್‌ಐ ಪಕ್ಕ ನಿಂತಿದ್ದ ಹುಡುಗನೊಬ್ಬ ಕೇಳಿದ: “ಅಂಕಲ್, ಸ್ಟೇಜ್ ಒನ್ ಮಾಡಿಸೋಣ ಅಂತಿದೀನಿ. ವರ್ತಾ?”

ನಾನು ಏನೋ ಗೊಣಗಿ, ಲೋಟ ಕೆಳಗಿಟ್ಟು ಹೊರಟುಬಿಟ್ಟೆ. ಆ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಹೇಳುವಷ್ಟು ಬುದ್ಧಿ ಇದ್ದಿದ್ದರೆ ನಾನು ನಾಲ್ಕು ವರ್ಷ, ನಾಲ್ಕು ಲಕ್ಷದ ಮೇಲೆ ಕಳೆಯುತ್ತಿರಲಿಲ್ಲ. ಹೊರಡುವಾಗ ಅಭ್ಯಾಸಬಲದಿಂದ ಅವನ ಕಾರಿನ ಟಯರಿನ ಮೇಲಿದ್ದ ನಾಲ್ಕಂಕಿ ಓದಿಕೊಂಡೆ: 3117. ಅದರ ಸುದ್ದಿಗೆ ಆಮೇಲೆ ಬರುತ್ತೇನೆ.

ಸನ್ಯಾಸಿ ಬೆಕ್ಕು ಸಾಕಿದ ಕಥೆ ನಿಮಗೆ ಅಜ್ಜಿಯೋ ತಾತನೋ ಹೇಳಿರುತ್ತಾರೆ. ಕೌಪೀನವನ್ನು ಇಲಿ ಕಡಿಯಿತು ಅಂತ ಬೆಕ್ಕು ತಂದ. ಬೆಕ್ಕಿಗೆ ಹಾಲು ಬೇಕು ಅಂತ ಹಸು ತಂದ. ಹಸುವನ್ನು ನೋಡಿಕೊಳ್ಳೋದು ಯಾರು? ಕೊನೆಗೆ ಮದುವೆಯಾದ. ನನ್ನ ಕಾರಿನ ಕಥೆಯೂ ಅದೇ. 2015ರಲ್ಲಿ ಒಂದು ಟರ್ಬೊ ಪೆಟ್ರೋಲ್ ಸೆಡಾನನ್ನು ಸೆಕೆಂಡ್ ಹ್ಯಾಂಡಲ್ಲಿ ಕೊಂಡೆ. ಕಂಪನಿಯ ಹೆಸರು ಬೇಡ, ಕಾರಿನದ್ದೇನೂ ತಪ್ಪಿರಲಿಲ್ಲ. ಮೂರು ತಿಂಗಳಿಗೆ ರಿಮ್ಯಾಪ್, ಅಂದರೆ ನೀವು ಹೇಳುವ ಸ್ಟೇಜ್ ಒನ್, ಮಾಡಿಸಿದೆ, 48,000 ರೂಪಾಯಿ. ಒಂದು ವಾರ ನೆಲದ ಮೇಲೆ ಕಾಲಿರಲಿಲ್ಲ. ಎಂಟನೇ ದಿನ ತುಮಕೂರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಒತ್ತಿದಾಗ ಆರ್‌ಪಿಎಂ ಮುಳ್ಳು ಸರ್ರನೆ ಮೇಲೆ ಹೋಯಿತು, ಕಾರು ಮಾತ್ರ ಇದ್ದಲ್ಲೇ ಇತ್ತು. ಒಳಗೆಲ್ಲ ಸುಟ್ಟ ವಾಸನೆ. ಕ್ಲಚ್ಚು ಜಾರುತ್ತಿತ್ತು.

ಗಟ್ಟಿ ಕ್ಲಚ್ಚು ಹಾಕಿಸಿದೆ, 65,000. ಅದರ ಪೆಡಲು ಎಷ್ಟು ಬಿಗಿ ಅಂದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿತ್ಯ ಮುಕ್ಕಾಲು ಗಂಟೆ ತುಳಿದು ಎಡ ಮೊಣಕಾಲು ಹಿಡಿದುಕೊಂಡಿತು. ಬೇಸಿಗೆಯಲ್ಲಿ ಎಂಜಿನ್ ಬಿಸಿಯಾಗಿ ಪಿಕಪ್ ಸಾಯುತ್ತದೆ ಅಂತ ದೊಡ್ಡ ಇಂಟರ್‌ಕೂಲರ್, 55,000. ಇಷ್ಟು ಮಾಡಿದ ಮೇಲೆ ಉಸಿರು ಬಿಡಲು ಜಾಗ ಬೇಡವೇ ಅಂತ ಸೈಲೆನ್ಸರ್ ಪೂರ್ತಿ ಬದಲಾವಣೆ, 82,000. ತಗ್ಗಿನ ಸ್ಪ್ರಿಂಗು, ಶಾಕು 78,000. ಚಕ್ರ, ಟಯರು 1,12,000. ಒಟ್ಟು 4,40,000 ರೂಪಾಯಿ. ಮೊಣಕಾಲಿನ ಖರ್ಚು ಇದರಲ್ಲಿ ಸೇರಿಲ್ಲ. ಇದೆಲ್ಲ ಒಂದು ಹಳೇ ಡೈರಿಯಲ್ಲಿ ಬರೆದಿಟ್ಟಿದ್ದೆ. ಅದನ್ನು ಮನೆಯವಳು ಒಂದು ದಿನ ಓದಿದಳು. ಆ ಅಧ್ಯಾಯ ಇಲ್ಲಿ ಬೇಡ.

2019ರಲ್ಲಿ ಮಾರಲು ಹೊರಟಾಗ ಕೊಳ್ಳಲು ಬಂದವನ ಜೊತೆಯಲ್ಲಿದ್ದ ಮೇಸ್ತ್ರಿ ಕಾರಿನ ಕೆಳಗೆ ಬಗ್ಗಿ ನೋಡಿ, ಎದ್ದು ಕೈ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: “ಸಾರ್, ಸ್ಟಾಕ್ ಐಟಂ ಎಲ್ಲಾ ಮನೇಲಿದೆಯಾ?” ನಾಲ್ಕು ಲಕ್ಷದ ಸಾಮಾನಿಗೆ ಅವನು ಒಂದು ರೂಪಾಯಿ ಬೆಲೆ ಕಟ್ಟಲಿಲ್ಲ. ಬದಲಿಗೆ ಅದೇ ವರ್ಷದ, ಮುಟ್ಟದೆ ಇಟ್ಟ ಕಾರಿಗಿಂತ ಅರವತ್ತು ಸಾವಿರ ಕಡಿಮೆಗೆ ಕೇಳಿದ. ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ಅವನ ಜಾಗದಲ್ಲಿ ನಾನಿದ್ದರೂ ಅಷ್ಟೇ ಕೇಳುತ್ತಿದ್ದೆ.

ಈಗ ಸ್ಟೇಜ್ ಒನ್ ವಿಷಯ. ಟರ್ಬೊ ಕಾರಿನಲ್ಲಿ ಈ ಕೆಲಸ ಸುಲಭ, ಫಲವೂ ಕಣ್ಣಿಗೆ ಕಾಣುತ್ತದೆ. ಇದನ್ನು ಅಲ್ಲಗಳೆದರೆ ಸುಳ್ಳಾಗುತ್ತದೆ. ಎಂಜಿನ್ ಕಂಪ್ಯೂಟರಿನಲ್ಲಿ ಗಾಳಿಯ ಒತ್ತಡ, ಪೆಟ್ರೋಲು, ಕಿಡಿಯ ಸಮಯ ಮೂರನ್ನೂ ಸ್ವಲ್ಪ ಸ್ವಲ್ಪ ಏರಿಸಿದರೆ ಬಲ ಬರುತ್ತದೆ. “ಕಂಪನಿಯವರು ಸುಮ್ಮನೆ ಕಟ್ಟಿಹಾಕಿದ್ದಾರೆ, ನಾವು ಬಿಚ್ಚಿಕೊಡುತ್ತೇವೆ” ಅಂತ ನಿಮಗೆ ಹೇಳುತ್ತಾರಲ್ಲ, ಗೋಲ್ಮಾಲು ಇರುವುದು ಆ ಮಾತಿನಲ್ಲಿ. ಕಂಪನಿಯವರು ಆ ಅಂತರ ಬಿಟ್ಟಿದ್ದು ಕಲಬುರಗಿಯ ಮೇ ತಿಂಗಳಿಗಾಗಿ, ಯಾವುದೋ ಬಂಕಿನ ಕೆಟ್ಟ ಪೆಟ್ರೋಲಿಗಾಗಿ, ಆಯಿಲ್ ಬದಲಿಸಲು ಮರೆಯುವ ಮಾಲೀಕನಿಗಾಗಿ. ಅದು ಕೊಯ್ಲಾದ ಮೇಲೆ ಬೀಜಕ್ಕೆಂದು ಎತ್ತಿಟ್ಟ ರಾಗಿ. ಉಂಡರೆ ಹೊಟ್ಟೆ ತುಂಬುತ್ತದೆ, ನಿಜ.

ಆ ಹುಡುಗನ ಪೋಲೊವನ್ನೇ ತೆಗೆದುಕೊಳ್ಳಿ. 1.2 ಲೀಟರ್ ಎಂಜಿನ್, ಕಂಪನಿ ಕೊಟ್ಟಿದ್ದು 105 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್. ಅದಕ್ಕೆ ಜೋಡಿಸಿದ್ದು ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ. ಆ ಡಬ್ಬಿ ತಡೆಯುವ ಟಾರ್ಕಿನ ಮಿತಿ 250 ನ್ಯೂಟನ್ ಮೀಟರ್. ಸ್ಟೇಜ್ ಒನ್ ಮಾಡಿಸಿದರೆ ನೀವು ಆ ಗೆರೆಯ ಹತ್ತಿರಕ್ಕೆ ಹೋಗಿ ನಿಲ್ಲುತ್ತೀರಿ. ಆದರೆ 2020ರಲ್ಲಿ ಭಾರತಕ್ಕೆ 200 ಮಾತ್ರ ಬಂದ ಆಕ್ಟೇವಿಯಾ ಆರ್‌ಎಸ್ 245 ಬೇರೆಯೇ ಕುಲದ್ದು. 245 ಪಿಎಸ್, 370 ನ್ಯೂಟನ್ ಮೀಟರ್, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚು, ಹಾಗಾಗಿ ತಾಳಿಕೆ ಹೆಚ್ಚು. ಎರಡಕ್ಕೂ ನೀವು ಹೇಳುವುದು “ಸ್ಟೇಜ್ ಒನ್” ಅಂತಲೇ. “ನಮ್ ಫ್ರೆಂಡ್ ಮಾಡ್ಸಿದಾನೆ, ಏನೂ ಆಗಿಲ್ಲ” ಅನ್ನುವ ಸಾಕ್ಷಿಗೆ ಹಾಗಾಗಿ ಬೆಲೆ ಇಲ್ಲ. ಫ್ರೆಂಡಿನ ಕಾರು ಯಾವುದು ಅಂತ ಮೊದಲು ಹೇಳಿ. ವಾರಂಟಿ ಇನ್ನೂ ಇದ್ದರೆ ಇದನ್ನೂ ನೆನಪಿಡಿ: ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿ ಸಾಫ್ಟ್‌ವೇರ್ ಮುಟ್ಟಿದ್ದು ಗೊತ್ತಾದರೆ ಕಂಪನಿಯ ದಾಖಲೆಯಲ್ಲಿ ಟಿಡಿ1 ಅಂತ ಗುರುತು ಬೀಳುತ್ತದೆ. ಆಮೇಲೆ ಹಳೆಯದನ್ನೇ ವಾಪಸ್ ಹಾಕಿಸಿದರೂ ಆ ಗುರುತು ಹೋಗುವುದಿಲ್ಲ.

ಕೆಲಸ ಮುಗಿದ ಮೇಲೆ ನಿಮ್ಮ ಕೈಗೆ ಡೈನೊ ಕಾಗದ ಅಂತ ಒಂದು ಕೊಡುತ್ತಾರೆ, ಕಾರಿನ ಬಲ ಅಳೆಯುವ ಯಂತ್ರದ್ದು. ನಮ್ಮ ಊರಿಗೆ ಸಂಬಂಧಿಸಿದ ಒಂದು ತಮಾಷೆ ಅದರಲ್ಲಿದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ತೆಳು. ಟರ್ಬೊ ಇಲ್ಲದ ಕಾರು ಇಲ್ಲಿ ಅಷ್ಟೇ ಪಾಲು ಬಲ ಕಳೆದುಕೊಂಡು ಓಡುತ್ತದೆ. ಡೈನೊ ಯಂತ್ರ ಈ ನಷ್ಟವನ್ನು ಲೆಕ್ಕದಲ್ಲಿ ತುಂಬಿಕೊಟ್ಟು ಸಮುದ್ರಮಟ್ಟದ ಅಂಕಿ ಅಚ್ಚು ಹಾಕುತ್ತದೆ. ಟರ್ಬೊ ಕಾರೋ, ಒತ್ತಡ ಹೆಚ್ಚಿಸಿಕೊಂಡು ಆ ನಷ್ಟದ ಬಹುಪಾಲನ್ನು ತಾನೇ ಮೊದಲು ತುಂಬಿಕೊಂಡಿರುತ್ತದೆ. ಅದರ ಮೇಲೆ ಯಂತ್ರ ಇನ್ನೊಂದು ಸಲ ತುಂಬುತ್ತದೆ. ನೀವು ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸುವ ಆ ಸಂಖ್ಯೆಯಲ್ಲಿ ನಿಮ್ಮ ಎಂಜಿನ್ ಎಂದೂ ನೋಡದ ಒಂದಷ್ಟು ಕುದುರೆಗಳು ಹೀಗೆ ಸೇರಿಕೊಂಡಿರುತ್ತವೆ. ನಂಬುವುದಾದರೆ ಒಂದೇ ದಿನ, ಒಂದೇ ಯಂತ್ರದ ಮೇಲೆ, ಬದಲಾವಣೆಗೆ ಮೊದಲೊಂದು ಆಮೇಲೊಂದು ತೆಗೆದ ಎರಡು ಕಾಗದಗಳ ವ್ಯತ್ಯಾಸವನ್ನು ನಂಬಿ.

ಎಂಜಿನ್ ಪಕ್ಕ ಬಾಯಿ ತೆರೆದು ಕೂರುವ ಆ ಕೆಂಪು ಶಂಕುವಿನಾಕಾರದ ಏರ್ ಫಿಲ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿಯ ಫಿಲ್ಟರು ಡಬ್ಬಿಯೊಳಗೆ ಕೂತು ಮುಂಭಾಗದಿಂದ ತಂಪು ಗಾಳಿ ಎಳೆದುಕೊಳ್ಳುತ್ತದೆ. ಈ ಶಂಕು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತು ಎಂಜಿನ್ನಿನ ಬಿಸಿಗಾಳಿಯನ್ನೇ ವಾಪಸ್ ಕುಡಿಯುತ್ತದೆ. ಸದ್ದು ಚೆನ್ನಾಗಿರುತ್ತದೆ. ಅಷ್ಟೇ.

ಸದ್ದು ಅಂದಮೇಲೆ ಸೈಲೆನ್ಸರಿಗೆ ಬರಲೇಬೇಕು. ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ ಪಟಪಟ ಅಂತ ಪಟಾಕಿ ಹೊಡೆಯುತ್ತದಲ್ಲ, ಅದನ್ನು ದುಡ್ಡು ಕೊಟ್ಟು ಬರೆಸಿಕೊಳ್ಳುತ್ತೀರಿ ಅನ್ನುವುದು ನನಗೆ ಈಗಲೂ ಪೂರ್ತಿ ಅರಗಿಲ್ಲ. ರ್‍ಯಾಲಿ ಕಾರುಗಳಲ್ಲಿ ಟರ್ಬೊ ತಿರುಗುತ್ತಲೇ ಇರಲಿ ಅಂತ ಅಂಥ ಏರ್ಪಾಟು ಇರುತ್ತದೆ, ಅಲ್ಲಿ ಅದಕ್ಕೆ ಅರ್ಥವಿದೆ. ನಿಮ್ಮ ಕಾರಿನಲ್ಲಿ ಕಿಡಿಯನ್ನು ತಡ ಮಾಡಿ, ಎಂಜಿನ್ನಿನೊಳಗೆ ಉರಿಯಬೇಕಾದ ಪೆಟ್ರೋಲನ್ನು ಹೊರಗಿನ ಕೊಳವೆಯಲ್ಲಿ ಉರಿಸುತ್ತಾರೆ. ಆ ಬೆಂಕಿ ನೇರ ಹೋಗಿ ಬಡಿಯುವುದು ಕ್ಯಾಟಲಿಟಿಕ್ ಕನ್ವರ್ಟರಿಗೆ, ಕಾರಿನಲ್ಲಿ ದುಬಾರಿ ಸಾಮಾನುಗಳ ಸಾಲಿನಲ್ಲಿ ಅದೂ ಒಂದು. ರಾತ್ರಿ ಹನ್ನೊಂದಕ್ಕೆ ಸದಾಶಿವನಗರದ ಯಾವುದೋ ಮನೆಯಲ್ಲಿ ಮಲಗಿದ ಕೂಸು ಬೆಚ್ಚಿ ಏಳುವುದು ಬೇರೆ.

ಕಾನೂನು ನಿಮ್ಮ ಪರ ಇಲ್ಲ ಅನ್ನುವುದು ನಿಮಗೂ ಗೊತ್ತು. ಗೊತ್ತಿಲ್ಲದ ಹಾಗೆ ಇರುತ್ತೀರಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಹೇಳಿದ್ದು ಸ್ಪಷ್ಟವಿದೆ: ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಕೂಡದು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದು ಅದನ್ನೇ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿಟ್ಟು ಪೊಲೀಸರು ರೋಲರ್ ಹರಿಸುವ ಚಿತ್ರ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಬೈಕಿನವು ಅಂತ ಸಮಾಧಾನಪಡಬೇಡಿ. ವಿಮೆಯದ್ದು ಇದಕ್ಕಿಂತ ದೊಡ್ಡ ತಲೆನೋವು. ವಿಮಾ ಕಂಪನಿಗೆ ತಿಳಿಸದೆ ಬದಲಿಸಿದ ಕಾರು ಅಪಘಾತವಾದಾಗ ಸರ್ವೇಯರ್ ಕೇಳುವ ಮೊದಲ ಪ್ರಶ್ನೆಗೇ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ಇಷ್ಟೆಲ್ಲ ಬಲ ತಂದು ಬಳಸುವುದು ಎಲ್ಲಿ? ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ., ತಲೆ ಮೇಲೆ ಕ್ಯಾಮೆರಾ. 2024ರ ಆಗಸ್ಟಿನಿಂದ ನಮ್ಮ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮ ಬಂದಿದೆ. ಆರ್‌ಎಸ್ 245 ನೂರು ಮುಟ್ಟಲು ಕಂಪನಿ ಹೇಳುವ ಸಮಯ 6.6 ಸೆಕೆಂಡು. ಅದರಲ್ಲಿ ಅರ್ಧ ಸೆಕೆಂಡು ಉಳಿಸಿ ಟೋಲ್ ಗೇಟಿನಲ್ಲಿ ಹಾಲಿನ ವ್ಯಾನಿನ ಹಿಂದೆ ನಿಲ್ಲುತ್ತೀರಿ.

ಕಾರು ತಗ್ಗಿಸುವವರಿಗೆ ನಮ್ಮ ಬೀದಿಯ ಉಬ್ಬು ತೋರಿಸಬೇಕು ಅನ್ನಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಲ್ಲಿ ರಸ್ತೆಯುಬ್ಬು ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ನಿಧಾನಕ್ಕೆ ಬಂದ ಗಾಡಿ ಏರಿ ಇಳಿದದ್ದು ಹೆಚ್ಚು ಗೊತ್ತಾಗಬಾರದು ಹಾಗೆ. ನಮ್ಮ ಬೀದಿಯದ್ದು ಎಮ್ಮೆ ಅಡ್ಡ ಮಲಗಿದ ಹಾಗಿದೆ, ಯಾರೋ ಉಳಿದ ಕಾಂಕ್ರೀಟು ಸುರಿದು ಮಾಡಿದ್ದು. ನನ್ನ ತಗ್ಗಿಸಿದ ಸೆಡಾನನ್ನು ಅದರ ಮೇಲೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸಬೇಕಿತ್ತು. ಹಿಂದಿನಿಂದ ಆಟೊದವರು ಬಯ್ಯುವುದು, ಹೊಟ್ಟೆಯಡಿ ಕರ್ರ್ ಅನ್ನುವುದು, ಮನೆಯವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂರುವುದು ಎಲ್ಲ ಒಟ್ಟಿಗೇ. ದೊಡ್ಡ ರಿಮ್ಮಿಗೆ ಹಾಕಿದ ತೆಳ್ಳನೆ ಟಯರು ಕನಕಪುರ ರಸ್ತೆಯ ಒಂದೇ ಗುಂಡಿಗೆ ಸೀಳಿತು, ರಿಮ್ಮೂ ಸೊಟ್ಟಗಾಯಿತು. ಶಿವಾಜಿನಗರದ ಗುಜರಿಯಲ್ಲಿ ಅದರ ಜೋಡಿ ಹುಡುಕುತ್ತಾ ಎರಡು ಶನಿವಾರ ಅಲೆದಿದ್ದೇನೆ.

ಹಾಗಾದರೆ ಏನೂ ಮುಟ್ಟಬಾರದೇ? ನಾನು ಹಾಗೆ ಹೇಳುತ್ತಿಲ್ಲ. ಬದಲಾಯಿಸಬೇಕಾದ್ದು ಇದ್ದೇ ಇರುತ್ತದೆ. ಟೊಯೊಟ 86 ಅಂತ ಒಂದು ಸ್ಪೋರ್ಟ್ಸ್ ಕಾರಿತ್ತು, 2012ರಲ್ಲಿ ಬಂತು, ನಮ್ಮಲ್ಲಿ ಮಾರಲಿಲ್ಲ. ಎರಡು ಲೀಟರ್, ಸುಮಾರು 200 ಹಾರ್ಸ್‌ಪವರ್, ಟರ್ಬೊ ಇಲ್ಲ. ಅದರ ಎಂಜಿನ್ ನಾಲ್ಕು ಸಾವಿರ ಆರ್‌ಪಿಎಂ ಆಸುಪಾಸು ಬಂದಾಗ ಏದುಸಿರು ಬಿಟ್ಟ ಹಾಗೆ ಟಾರ್ಕ್ ಕುಸಿಯುತ್ತಿತ್ತು. ಓಡಿಸಿದ ಬಹಳ ಜನ ಅದನ್ನೇ ದೂರಿದರು. ಎಕ್ಸಾಸ್ಟ್ ಹೆಡರ್ ಬದಲಿಸಿ ಟ್ಯೂನ್ ಮಾಡಿದರೆ ಆ ಗುಂಡಿ ಬಹುಮಟ್ಟಿಗೆ ತುಂಬುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದ ಹೆಡರ್ ಅಮೆರಿಕದ ರಸ್ತೆಯಲ್ಲೂ ಕಾನೂನುಬಾಹಿರವೇ, ಆ ಮಾತು ಬೇರೆ. ಆದರೆ ಆ ಬದಲಾವಣೆಗೆ ಒಂದು ಕಾರಣವಿತ್ತು, ಕಾಲಿಗೆ ಗೊತ್ತಾಗುವ ಒಂದು ದೋಷವಿತ್ತು. ಅದೇ ಕಾರಿಗೆ ಕಂಪನಿ ಬೇಕಂತಲೇ ಪ್ರಿಯಸ್‌ಗೂ ಕೊಡುತ್ತಿದ್ದ ಸಾಧಾರಣ ಟಯರು ಹಾಕಿ ಕಳಿಸಿತ್ತು. ಕಡಿಮೆ ವೇಗದಲ್ಲೇ ಬಾಲ ಜಾರಿಸಿ ಆಟವಾಡಲಿ ಅಂತ. ಕೊಂಡವರಲ್ಲಿ ಎಷ್ಟೋ ಜನ ಮೊದಲ ವಾರವೇ ಅಗಲದ, ಅಂಟುವ ಟಯರು ಹಾಕಿಸಿ, ಆಮೇಲೆ ಕಾರಿಗೆ ಬಲ ಸಾಲದು ಅಂತ ಗೊಣಗಿದರು. ದೂರು ಮೊದಲು ಹುಟ್ಟಬೇಕು, ಪಾರ್ಟು ಆಮೇಲೆ ಬರಬೇಕು. ನನ್ನ ಕಾರಿನಲ್ಲಿ ರಿಮ್ಯಾಪಿಗೆ ಮುಂಚೆ ನನಗೆ ಯಾವ ದೂರೂ ಇರಲಿಲ್ಲ. ಅಂಗಡಿಯವನು ಹೇಳಿದ ಮೇಲೆ ಹುಟ್ಟಿಕೊಂಡಿತು.

ನಿಮ್ಮಲ್ಲಿ ಬಹಳ ಮಂದಿಗೆ ಇರಬೇಕಾದ ದೂರು ಬ್ರೇಕಿನದ್ದು, ಟಯರಿನದ್ದು. ನಂದಿಯಿಂದ ಇಳಿಯುವಾಗ ಮುಂದಿನ ಕಾರಿನ ಚಕ್ರದಿಂದ ಬರುವ ಕಮಟು ವಾಸನೆ ಗೊತ್ತಲ್ಲ? ಅದು ಕಾದ ಬ್ರೇಕಿನದ್ದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಸ್ವಭಾವದ್ದು. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕು ಅನ್ನುವುದು ನಿಯಮ, ತೇವ ಹೀರಿದ ಮೇಲಿನ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲು ಹತ್ತಿಯ ಮೂಟೆ ತುಳಿದ ಹಾಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ತಗಲುವುದು ನಿಮ್ಮ ತಿಂಗಳ ಪೆಟ್ರೋಲ್ ಬಿಲ್ಲಿನ ಒಂದು ತುಣುಕು. ಜೆ.ಸಿ. ರಸ್ತೆಯಲ್ಲಿ ಎಂಬತ್ತು ಸಾವಿರದ ಸೈಲೆನ್ಸರು ನೋಡಲು ಮೂರು ಸಲ ಹೋದವರು ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇನ್ನೊಂದು ಖರ್ಚು ನನ್ನ ಡೈರಿಯಲ್ಲಿ ಇರಲಿಲ್ಲ, ಇರಬೇಕಿತ್ತು: ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಕಲಿಯುವ ಖರ್ಚು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈಯ ಟ್ರ್ಯಾಕು, ಎರಡೂ ಬೆಂಗಳೂರಿನಿಂದ ಒಂದು ಹಗಲಿನ ದಾರಿ. ಕರಿ ಅನ್ನುವ ಹೆಸರು ಎಸ್. ಕರಿವರ್ಧನ್ ಅವರದ್ದು. ಮಾರುತಿ 800ರ ಎಂಜಿನ್ ಇಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದವರು ಅವರು, ಅದೇ ಫಾರ್ಮುಲಾ ಮಾರುತಿ. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದ ನಾರಾಯಣ್ ಕಾರ್ತಿಕೇಯನ್ ಮೊದಲು ರೇಸಿಗಿಳಿದದ್ದು ಆ ಪುಟ್ಟ ಎಂಜಿನ್ನಿನ ಕಾರಿನಲ್ಲಿ. ನಾನು ಟ್ರ್ಯಾಕಿಗೆ ಹೋಗಿದ್ದು ಒಂದೇ ಸಲ, ಸೆಡಾನ್ ಮಾರಿದ ಮೇಲೆ, ಯಾವ ಬದಲಾವಣೆಯೂ ಇಲ್ಲದ ಸಣ್ಣ ಹ್ಯಾಚ್‌ಬ್ಯಾಕಿನಲ್ಲಿ. ಪಕ್ಕದಲ್ಲಿ ಕೂತಿದ್ದ ತರಬೇತುದಾರ ಮೂರನೇ ಸುತ್ತಿಗೆ ಹೇಳಿದ: “ಸಾರ್, ನೀವು ಬ್ರೇಕ್ ತಿರುವಿನಲ್ಲಿ ಹಾಕ್ತಾ ಇದೀರಿ. ತಿರುವಿಗೆ ಮುಂಚೆ ಹಾಕಿ ಮುಗಿಸಿ.” ನನಗಾಗ ನಲವತ್ತೊಂಬತ್ತು ವರ್ಷ. ಇಪ್ಪತ್ತೈದು ವರ್ಷದಿಂದ ತಪ್ಪು ಜಾಗದಲ್ಲಿ ಬ್ರೇಕ್ ತುಳಿಯುತ್ತಿದ್ದೆ. ಆ ಮಧ್ಯಾಹ್ನದ ಮೊತ್ತ ನನ್ನ ಇಂಟರ್‌ಕೂಲರಿನ ಕಾಲುಭಾಗವೂ ಆಗಲಿಲ್ಲ.

“ಅಂಕಲ್, ಎಲ್ಲದಕ್ಕೂ ಲೆಕ್ಕ ಹಾಕಿದರೆ ಖುಷಿ ಎಲ್ಲಿ?” ಅಂತ ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ನಾನು ಮೈಸೂರಿನಲ್ಲಿ ಬೆಳೆದವನು, ಐಡಿಯಲ್ ಜಾವಾ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ. ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನ ಸೈಲೆನ್ಸರಿನ ಒಳಕೊಳವೆ ಕಿತ್ತು ಚಾಮುಂಡಿ ಬೆಟ್ಟ ಹತ್ತಿಸಿದ ಹುಡುಗರಲ್ಲಿ ನಾನೂ ಒಬ್ಬ. ಅದರಿಂದ ಗಾಡಿ ಜೋರಾಗಿ ಓಡಿತೇ? ಇಲ್ಲ, ಬಹುಶಃ ನಿಧಾನವೇ ಆಗಿತ್ತು. ಸ್ಪ್ಯಾನರ್ ಹಿಡಿದು ಕೈ ಮಸಿ ಮಾಡಿಕೊಂಡು ಒಂದು ಭಾನುವಾರ ಕಳೆಯುವ ಸುಖವೇ ಬೇರೆ, ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಸದ್ದು ಇಷ್ಟ, ನೋಟ ಇಷ್ಟ ಅಂತ ಹೇಳಿ ಮಾಡಿಸಿದರೆ ನನ್ನ ತಕರಾರು ಅರ್ಧ ಕಡಿಮೆಯಾಗುತ್ತದೆ. “ಪರ್ಫಾರ್ಮೆನ್ಸ್” ಅಂತ ಹೆಸರಿಟ್ಟು, ಇಎಂಐ ಕಟ್ಟಿ, ಸ್ವಂತಕ್ಕೆ ಒಂದು ನಟ್ಟನ್ನೂ ಬಿಚ್ಚದೆ, ಯಾರದೋ ಗ್ಯಾರೇಜಿನ ಎಸಿ ಕೋಣೆಯಲ್ಲಿ ಫೋನ್ ನೋಡುತ್ತಾ ಕೂತು ಕಾರು ಬದಲಾಯಿಸಿಕೊಂಡು ಬರುವುದು ಮಾತ್ರ ಖರೀದಿ, ಹವ್ಯಾಸವಲ್ಲ.

ಬಿಳಿ ಪೋಲೊದ ಹುಡುಗನಿಗೆ ಈಗ ಉತ್ತರ. 3117 ಅಂದರೆ ನಿನ್ನ ಟಯರು ತಯಾರಾದದ್ದು 2017ನೇ ಇಸವಿಯ ಮೂವತ್ತೊಂದನೇ ವಾರದಲ್ಲಿ. ಮೇಲಿನ ಗೆರೆ ಇನ್ನೂ ಸವೆದಿಲ್ಲ ಅಂತ ಇಟ್ಟುಕೊಂಡಿದ್ದೀಯ, ಆದರೆ ರಬ್ಬರು ಗಟ್ಟಿಯಾಗಿ ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದೆ, ನಾನು ಬೆರಳಾಡಿಸಿ ನೋಡಿದ್ದೇನೆ. ಮಳೆಯಲ್ಲಿ ನಿನ್ನ ಕಾರಿಗೆ ಈಗಿರುವ 105 ಪಿಎಸ್ಸೇ ಜಾಸ್ತಿ. ಸ್ಟೇಜ್ ಒನ್ ಬೇಡ. ಕೂಡಿಟ್ಟ ದುಡ್ಡಿನಲ್ಲಿ ಕಂಪನಿ ಅಳತೆಯ ನಾಲ್ಕು ಒಳ್ಳೆ ಟಯರು ಹಾಕಿಸು, ಬ್ರೇಕ್ ಆಯಿಲ್ ಬದಲಿಸು, ಉಳಿದಿದ್ದರಲ್ಲಿ ಕೊಯಮತ್ತೂರಿಗೆ ಹೋಗಿ ಬಾ. ವಾಪಸ್ ಬಂದ ಮೇಲೂ ಕಾರಿಗೆ ಬಲ ಸಾಲದು ಅನ್ನಿಸಿದರೆ ಅದೇ ಕಾಫಿ ಅಂಗಡಿಯ ಹತ್ತಿರ ಸಿಗು. ತಿಂಗಳ ಎರಡನೇ ಭಾನುವಾರ, ಬೆಳಗ್ಗೆ ಆರಕ್ಕೆ ನಾನು ಅಲ್ಲಿರುತ್ತೇನೆ. ಕಾಫಿ ನನ್ನದು.

ಇತಿ ನಿಮ್ಮವ,
ಮೊಣಕಾಲು ನೋವಿನ ಅಂಕಲ್